ಸತ್ಯಾಂಶ: ಮಸಾಯಿ ಮಾರಾದ ಬಲೂನು ಪ್ರಾಣಿಗಳ ಹಿಂದೆ ಹೋಗಬಲ್ಲದೇ?

ಕೀನ್ಯಾದ ಮಸಾಯಿ ಮಾರಾ ವನ್ಯಧಾಮದಲ್ಲಿ ಬಿಸಿಗಾಳಿ ಬಲೂನು ಹತ್ತಿದರೆ, ಪೈಲಟ್ ಅದನ್ನು ಜೀಪಿನಂತೆ ತಿರುಗಿಸಿ ಸಿಂಹಗಳ, ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳ ಹಿಂದೆಯೇ ಕರೆದೊಯ್ಯುತ್ತಾರೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಬಲೂನಿಗೆ ಚುಕ್ಕಾಣಿಯೂ ಇಲ್ಲ, ಮುಂದಕ್ಕೆ ತಳ್ಳುವ ಎಂಜಿನ್ನೂ ಇಲ್ಲ. ಪ್ರೊಪೇನ್ ಬರ್ನರ್ ಉರಿಸಿದಾಗ ಒಳಗಿನ ಗಾಳಿ ಬಿಸಿಯಾಗಿ, ಹೊರಗಿನ ಗಾಳಿಗಿಂತ ಹಗುರವಾಗಿ, ಬಲೂನು ಏರುತ್ತದೆ. ನೆತ್ತಿಯ ಕಿಂಡಿಯನ್ನು ತೆರೆದು ಬಿಸಿಗಾಳಿಯನ್ನು ಹೊರಬಿಟ್ಟರೆ ಇಳಿಯುತ್ತದೆ. ಪೈಲಟ್ ಹಿಡಿತದಲ್ಲಿರುವುದು ಈ ಏರಿಳಿತವಷ್ಟೇ. ಕೆಲವು ಬಲೂನುಗಳಿಗೆ ಪಕ್ಕದಲ್ಲೂ ಕಿಂಡಿಗಳಿರುತ್ತವೆ, ಆದರೆ ಅವು ಬುಟ್ಟಿಯ ಮುಖವನ್ನು ತಿರುಗಿಸುತ್ತವೆಯೇ ಹೊರತು ಸಾಗುವ ದಾರಿಯನ್ನಲ್ಲ. ಬೇರೆ ಬೇರೆ ಎತ್ತರಗಳಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸಬಹುದಾದ್ದರಿಂದ, ಅನುಕೂಲವಾದ ಪದರವನ್ನು ಹುಡುಕಿ ಆ ಎತ್ತರದಲ್ಲೇ ಉಳಿಯುವ ಮೂಲಕ ಪಳಗಿದ ಪೈಲಟ್ ದಿಕ್ಕನ್ನು ಸ್ವಲ್ಪಮಟ್ಟಿಗೆ ಆರಿಸಿಕೊಳ್ಳಬಲ್ಲರು; ಈ ಕೌಶಲ ನಿಜಕ್ಕೂ ಮೆಚ್ಚತಕ್ಕದ್ದು.

ಹಾರಾಟ ಸೂರ್ಯೋದಯದ ಹೊತ್ತಿಗೇ ಆರಂಭವಾಗುವುದಕ್ಕೂ ಪ್ರಾಣಿಗಳಷ್ಟೇ ಕಾರಣವಲ್ಲ. ಬಿಸಿಲೇರಿ ನೆಲ ಕಾದಂತೆ ಗಾಳಿ ಕದಡಿ, ಇಳಿಯುವುದು ಅಪಾಯಕರವಾಗುತ್ತದೆ. ಇಳಿಯುವ ಜಾಗವನ್ನು ಮೊದಲೇ ನಿಖರವಾಗಿ ಹೇಳಲಾಗದ ಕಾರಣ ವಾಹನಗಳು ನೆಲದ ಮೇಲೆ ಬಲೂನನ್ನು ಹಿಂಬಾಲಿಸುತ್ತವೆ.

ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಹಿಂಡುಗಳು ನೆರೆಯ ಟಾಂಜಾನಿಯಾದ ಸೆರೆಂಗೆಟಿಯಿಂದ ಬಂದು ಮಾರಾದಲ್ಲಿರುತ್ತವೆ. ಆಗಲೂ ಅವು ನದಿ ದಾಟುವ ದೃಶ್ಯವನ್ನು ಬಲೂನಿನಿಂದ ತೋರಿಸುವ ಖಾತರಿಯನ್ನು ಯಾರೂ ಕೊಡಲಾರರು, ಅದಕ್ಕೆಂದು ಹೆಚ್ಚು ಹಣ ಕೇಳಿದರೆ ಕೊಡಬೇಕಾಗಿಯೂ ಇಲ್ಲ.