ಲೇಬಲ್ ಬರೆಯದ ಕ್ಯಾಸೆಟ್ಟುಗಳು

ಕ್ಯಾಸೆಟ್ ಅಂದ ತಕ್ಷಣ ನಮ್ಮಲ್ಲಿ ಎಲ್ಲರೂ ಕರಗಿ ನೀರಾಗುತ್ತಾರೆ. ಪೆನ್ಸಿಲ್ ತೂರಿಸಿ ಟೇಪ್ ಸುತ್ತಿದ್ದು, ಅಪ್ಪನ ಭಾವಗೀತೆ ಕ್ಯಾಸೆಟ್ ಮೇಲೆ ತಮ್ಮನ ಅಳು ರೆಕಾರ್ಡ್ ಮಾಡಿ ಬೈಸಿಕೊಂಡಿದ್ದು, ಕೊನೆಗೆ ‘ಆ ಕಾಲವೇ ಚೆನ್ನಾಗಿತ್ತು ಅಲ್ವಾ’ ಅನ್ನೋದು. ಅಂಥ ಬರಹ ನಾನೂ ಓದುತ್ತೇನೆ, ಲೈಕೂ ಒತ್ತುತ್ತೇನೆ. ಆದರೆ ಜಪಾನಿನ ಅಕಿ ಓಂಡಾನನ್ನು ಇದೇ ಸಾಲಿಗೆ ಸೇರಿಸೋದು ನೋಡಿದಾಗ ಮಾತ್ರ ಸುಮ್ಮನಿರೋಕೆ ಆಗಲ್ಲ. ‘ಹಳೇ ವಾಕ್‌ಮನ್ ಹಿಡಿದು ನೆನಪು ನುಡಿಸುವ ಕಲಾವಿದ’ ಅಂತ ಒಂದೇ ಸಾಲಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಕಾಣೋದು ಪೂರ್ತಿ ಉಲ್ಟಾ. ಇಷ್ಟು ವರ್ಷವೂ ಈ ಮನುಷ್ಯ ತನ್ನ ನೆನಪುಗಳನ್ನು ಒಂದೊಂದಾಗಿ ಕೈಬಿಡುತ್ತಾ ಬಂದಿದ್ದಾನೆ. ಅದೂ ಬೇಕಂತಲೇ.

ಓಂಡಾ ಹುಟ್ಟಿದ್ದು 1967ರಲ್ಲಿ, ನಾರಾದಲ್ಲಿ. ಸಂಗೀತದಲ್ಲಿ ಅವನ ಹೆಸರು ಮೊದಲು ಕೇಳಿಬಂದದ್ದು 90ರ ದಶಕದ ಶುರುವಿನಲ್ಲಿ, ಆಡಿಯೋ ಸ್ಪೋರ್ಟ್ಸ್ ಅನ್ನೋ ತಂಡದಿಂದ. ಬೋರ್‌ಡಮ್ಸ್ ತಂಡದ ಯಮತ್ಸುಕಾ ಐ ಮತ್ತು ನೊಬುಕಾಝು ತಕೆಮುರಾ ಜೊತೆಗಿದ್ದರು. ಹಿಪ್‌ಹಾಪ್ ಬೀಟು, ಸದ್ದಿನ ತುಣುಕು ಹಿಡಿದು ಮತ್ತೆ ನುಡಿಸೋ ಸ್ಯಾಂಪ್ಲರ್, ಒಂಚೂರು ಹುಚ್ಚಾಟ. 1992ರಲ್ಲಿ ಅವರ ಮೊದಲ ಆಲ್ಬಂ ಬಂತು. ಆಮೇಲೆ ಒಂದಿಷ್ಟು ಸೋಲೋ ಆಲ್ಬಂಗಳು. ಕೇಳೋಕೆ ಚೆನ್ನಾಗಿವೆ, ನೀಟಾಗಿವೆ. ಆದರೆ ಅಷ್ಟರಲ್ಲೇ ನಿಂತಿದ್ದರೆ ನಾನಂತೂ ಅವನ ಬಗ್ಗೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ಇದೆಲ್ಲದರ ಪಕ್ಕದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಹೋದ ಕಡೆಯೆಲ್ಲ ಒಂದು ಕ್ಯಾಮೆರಾ, ಒಂದು ರೆಕಾರ್ಡ್ ಮಾಡಬಲ್ಲ ವಾಕ್‌ಮನ್. ಬೀದಿ, ಊರು, ಜನ, ಗಾಳಿ, ಏನು ಸಿಕ್ಕರೆ ಅದು. ಡೈರಿ ಬರೆಯೋ ಹಾಗೆ. ಆದರೆ ಡೈರಿಯಲ್ಲಿ ತಾರೀಖಾದರೂ ಇರುತ್ತದೆ. ಇವನು ರೆಕಾರ್ಡ್ ಮಾಡಿ ವರ್ಷಗಟ್ಟಲೆ ಹಾಗೇ ಬಿಟ್ಟುಬಿಡುತ್ತಾನೆ. ಯಾವ ಊರು, ಯಾವ ದಿನ, ಯಾರ ದನಿ ಅನ್ನೋದೆಲ್ಲ ತನಗೇ ಮಸುಕಾಗೋವರೆಗೂ ಬಿಡುತ್ತಾನೆ. ಹಾಗೆ ಮಸುಕಾದ ಮೇಲೇ ಅದು ಅವನಿಗೆ ಸಂಗೀತದ ಸಾಮಾನು. ಹೀಗೆ ಹುಟ್ಟಿದ್ದು ‘ಕ್ಯಾಸೆಟ್ ಮೆಮೊರೀಸ್’ ಸರಣಿ. ಮೊದಲ ಎರಡು ಆಲ್ಬಂ 2003ರಲ್ಲಿ ಬಂದವು: ‘ಏನ್ಶಿಯಂಟ್ ಅಂಡ್ ಮಾಡರ್ನ್’, ‘ಬಾನ್ ವೊಯಾಜ್’. ಮೂರನೆಯದು, ಮೆಕ್ಸಿಕೋದ ಸದ್ದುಗಳಿರೋ ‘ಸೌತ್ ಆಫ್ ದ ಬಾರ್ಡರ್’, ಬರೋ ಹೊತ್ತಿಗೆ 2012.

ಇದಕ್ಕೆ ಕ್ಯಾಸೆಟ್ಟೇ ಯಾಕೆ ಬೇಕು, ಫೋನ್ ಸಾಲದಾ ಅಂತ ಕೇಳೋರಿದ್ದಾರೆ. ಸಾಲದು. ಕ್ಯಾಸೆಟ್ಟಿನೊಳಗೆ ಇರೋದು ನಾಲ್ಕು ಮಿಲಿಮೀಟರ್‌ಗಿಂತ ಕಮ್ಮಿ ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡಿನ ಲೇಪ. ಸೆಕೆಂಡಿಗೆ 4.76 ಸೆಂಟಿಮೀಟರ್ ಲೆಕ್ಕದಲ್ಲಿ ಅದು ಸದ್ದು ಬರೆಯೋ, ಓದೋ ಹೆಡ್‌ನ ಮುಂದೆ ಹಾಯುತ್ತದೆ. ಅಷ್ಟು ನಿಧಾನದ ಸಪೂರ ಪಟ್ಟಿಯಲ್ಲಿ ಎಲ್ಲ ಸದ್ದೂ ಪೂರ್ತಿ ಹಿಡಿಯಲ್ಲ. ಎತ್ತರದ ದನಿಗಳು ಮೊಂಡಾಗುತ್ತವೆ, ತಳದಲ್ಲಿ ಒಂದು ಸಣ್ಣ ಸುಯ್ ಸದ್ದು ಯಾವಾಗಲೂ ಇರುತ್ತದೆ. ನನಗೆ ಅಚ್ಚರಿ ಅನ್ನಿಸೋದು ಇನ್ನೊಂದು. ಸುತ್ತಿಟ್ಟ ಟೇಪನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೇಳಿದರೆ, ಯಾರೋ ಕೂಗೋಕೆ ಮೊದಲೇ ಆ ಕೂಗಿನ ನೆರಳು ತೆಳ್ಳಗೆ ಕೇಳಿಸುತ್ತದೆ. ಅಂದರೆ ಟೇಪು ಸುಮ್ನೆ ಮಲಗಿರಲ್ಲ, ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ. ಮರೆವಿಗಾಗಿ ಕಾಯೋನಿಗೆ ಇದಕ್ಕಿಂತ ಒಳ್ಳೆ ಜೊತೆ ಸಿಗುತ್ತಾ?

ಫೋನ್ ಹಾಗಲ್ಲ. ಒಂದು ಫೋಟೋ ತೆಗೆದರೆ ತಾರೀಖು, ಗಂಟೆ, ನಿಂತ ಜಾಗ ಎಲ್ಲ ತಾನೇ ಬರೆದುಕೊಳ್ಳುತ್ತದೆ. ಸಾಲದ್ದಕ್ಕೆ ಇದೇ ಫೇಸ್‌ಬುಕ್ಕು ಬೆಳಿಗ್ಗೆ ಎದ್ದ ಕೂಡಲೇ ಇಷ್ಟು ವರ್ಷದ ಹಿಂದೆ ಈ ದಿನ ಅಂತ ಯಾವುದೋ ಮದುವೆ ಊಟದ ಫೋಟೋ ತಂದು ಮುಖಕ್ಕೆ ಹಿಡಿಯುತ್ತದೆ. ಮರೆಯೋಕೆ ಬಿಡೋದೇ ಇಲ್ಲ ಮಾರಾಯ್ರೆ.

ಇನ್ನು ಓಂಡಾ ವೇದಿಕೆಯಲ್ಲಿ ಏನು ಮಾಡುತ್ತಾನೆ? ಅವನ ಪ್ರದರ್ಶನದ ವಿಡಿಯೋಗಳನ್ನು ನೋಡಿ. ಅಂಗೈಯಗಲದ ಕ್ಯಾಸೆಟ್ ಪ್ಲೇಯರುಗಳು, ಗಿಟಾರಿಗೆ ಬಳಸೋ ಎಫೆಕ್ಟ್ ಪೆಡಲ್‌ಗಳು, ಅಲ್ಲಿಂದ ವೈರು ಹೋಗೋದು ಗಿಟಾರ್ ಆಂಪ್ಲಿಫೈಯರುಗಳಿಗೆ. ಬಟನ್ ಒತ್ತಿದಾಗ ಟಕ್ ಅನ್ನೋದೂ ಸಂಗೀತದೊಳಗೆ ಸೇರುತ್ತದೆ. ಹಳೇ ಬೀದಿಯೊಂದರ ಗದ್ದಲ ಆಂಪ್ಲಿಫೈಯರಿನಿಂದ ಒರಟಾಗಿ, ದಪ್ಪವಾಗಿ ಹೊರಗೆ ಬಂದು ಸಭಾಂಗಣದ ಗೋಡೆಗೆ ಬಡಿಯುತ್ತದೆ. ಅಲ್ಲಿಗೆ ಅದು ಯಾವ ಬೀದಿ ಅನ್ನೋ ಪ್ರಶ್ನೆಯೇ ಉಳಿಯಲ್ಲ. ಹಾಗಾಗಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ: ಅವನ ಆಲ್ಬಂಗಳು ಅವನ ಪ್ರದರ್ಶನದ ಅರ್ಧ ಮಾತ್ರ. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಕೆಲವು ಟ್ರ್ಯಾಕುಗಳು ಬರೀ ಗುಂಯ್‌ಗುಡುತ್ತವೆ, ಬೇಜಾರಾಗುತ್ತದೆ. ಸ್ಪೀಕರಿಗೆ ಹಾಕಿ, ಕಿಟಕಿ ತೆಗೆದು ಕೇಳಿ. ಹೊರಗಿನ ಸದ್ದು ಯಾವುದು, ಟೇಪಿನ ಸದ್ದು ಯಾವುದು ಅಂತ ಗೊತ್ತಾಗದ ಹಾಗಾಗುತ್ತಲ್ಲ, ಮಜಾ ಇರೋದು ಅಲ್ಲೇ.

ಫೋಟೋಗಳ ಕಥೆಯೂ ಇದೇ. ‘ಸಿನಿಮಾಜ್’ ಅಂತ ಅವನದೊಂದು ಸರಣಿ ಇದೆ. ತಾನು ತೆಗೆದ ಸ್ಥಿರಚಿತ್ರಗಳನ್ನು ಸ್ಲೈಡ್ ಪ್ರೊಜೆಕ್ಟರಿನಲ್ಲಿ ಒಂದಾದ ಮೇಲೊಂದು ತೋರಿಸುತ್ತಾನೆ. ಪಕ್ಕದಲ್ಲಿ ಲೋರೆನ್ ಕಾನರ್ಸ್, ಅಲನ್ ಲಿಕ್ಟ್ ತರಹದವರು ಅಲ್ಲಲ್ಲೇ ಹುಟ್ಟಿಸಿಕೊಂಡು ಗಿಟಾರ್ ನುಡಿಸುತ್ತಾರೆ. ಸಿನಿಮಾದ ಹಾಗೆ ಸಾಗುತ್ತದೆ, ಆದರೆ ಕಥೆ ಇಲ್ಲ. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಏನು ಸಂಬಂಧ ಅಂತ ನೋಡುವವರೇ ಕಟ್ಟಿಕೊಳ್ಳಬೇಕು. ಛಾಯಾಗ್ರಾಹಕ ಬೇರೆ, ಸಂಗೀತಗಾರ ಬೇರೆ ಅಂತ ಅವನನ್ನು ಎರಡು ಮಾಡೋದರಲ್ಲಿ ಅರ್ಥವಿಲ್ಲ. ಶಟರ್ ಒತ್ತಿದರೂ ರೆಕಾರ್ಡ್ ಬಟನ್ ಒತ್ತಿದರೂ ಅವನು ಮಾಡೋದು ಒಂದೇ ಕೆಲಸ.

ಇಲ್ಲಿ ನನಗೆ ಇನ್ನೊಬ್ಬ ಜಪಾನಿ ಛಾಯಾಗ್ರಾಹಕ ನೆನಪಾಗುತ್ತಾನೆ, ತಕುಮಾ ನಕಹಿರಾ. 1968ರಲ್ಲಿ ಟೋಕಿಯೋದಲ್ಲಿ ‘ಪ್ರೊವೋಕ್’ ಪತ್ರಿಕೆ ಕಟ್ಟಿದವರಲ್ಲಿ ಒಬ್ಬ. ಬರೀ ಮೂರು ಸಂಚಿಕೆ ಬಂತು. ಕಾಳುಕಾಳಾದ, ಅಲುಗಿದ, ಫೋಕಸ್ ತಪ್ಪಿದ ಕಪ್ಪು ಬಿಳುಪು ಚಿತ್ರಗಳು. ಇವತ್ತಿಗೂ ಅದರ ಪ್ರಭಾವ ಇಳಿದಿಲ್ಲ. ಈ ನಕಹಿರಾ 1973ರಲ್ಲಿ ತನ್ನದೇ ನೆಗೆಟಿವ್‌ಗಳನ್ನು ಬಹುಪಾಲು ಸುಟ್ಟುಹಾಕಿದ. 1977ರಲ್ಲಿ ಮಿತಿಮೀರಿ ಕುಡಿದು ಕುಸಿದುಬಿದ್ದವನಿಗೆ ನೆನಪಿನ ಶಕ್ತಿಯೇ ಬಹಳಷ್ಟು ಹೋಯಿತು. ಆದರೂ ಮತ್ತೆ ಕ್ಯಾಮೆರಾ ಹಿಡಿದು ಎಷ್ಟೋ ವರ್ಷ ಫೋಟೋ ತೆಗೆದ. ನಕಹಿರಾಗೆ ಮರೆವು ಅನ್ನೋದು ತಲೆ ಮೇಲೆ ಬಂದು ಬಿದ್ದದ್ದು. ಓಂಡಾ ಅದನ್ನು ನಿಧಾನಕ್ಕೆ ಸಾಕಿಕೊಂಡ. ಇಬ್ಬರಿಗೂ ನೇರ ನಂಟಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಬ್ಬನ ಕೆಲಸ ನೋಡುವಾಗ ನನಗೆ ಇನ್ನೊಬ್ಬ ನೆನಪಾಗದೆ ಇರಲ್ಲ.

ಓಂಡಾ ಬಹಳ ಕಾಲ ನ್ಯೂಯಾರ್ಕ್‌ನಲ್ಲಿ ನೆಲೆಸಿದ್ದ. ಅಲ್ಲಿ ಅವನ ಸಹವಾಸ ಸಂಗೀತಗಾರರಷ್ಟೇ ಸಿನಿಮಾದವರ ಜೊತೆಗೂ ಇತ್ತು. ಪ್ರಯೋಗದ ಸಿನಿಮಾ ಮಾಡುತ್ತಿದ್ದ ಕೆನ್ ಜೇಕಬ್ಸ್ ‘ನರ್ವಸ್ ಮ್ಯಾಜಿಕ್ ಲ್ಯಾಂಟರ್ನ್’ ಅಂತ, ಫಿಲ್ಮಿನ ರೀಲೇ ಇಲ್ಲದೆ ಬೆಳಕು ಮತ್ತು ತಿರುಗುವ ಶಟರಿನಿಂದ ಪರದೆ ಮೇಲೆ ಬಿಂಬಗಳನ್ನು ಕುಣಿಸುತ್ತಿದ್ದ. ಅದಕ್ಕೆ ಸದ್ದು ಕೊಟ್ಟವರಲ್ಲಿ ಓಂಡಾ ಒಬ್ಬ. ಕೆನಡಾದ ಸಿನಿಮಾ ನಿರ್ದೇಶಕ ಮೈಕಲ್ ಸ್ನೋ ಮತ್ತು ಅಲನ್ ಲಿಕ್ಟ್ ಜೊತೆ ಮಾಡಿದ 2008ರ ಆಲ್ಬಂ ಇದೆಯಲ್ಲ, ಅದರ ಹೆಸರು ಕೇಳಿದರೆ ನಗು ಬರುತ್ತದೆ. ಐದು ಎ, ಎರಡು ಸಿ, ಒಂದು ಡಿ, ಒಂದು ಇ, ಎರಡು ಎಚ್ ಅಂತ ಡಬ್ಲ್ಯುವರೆಗೂ ಹೋಗುತ್ತದೆ. ಮೂವರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಎಣಿಸಿಟ್ಟಿದ್ದಾರೆ, ಅಷ್ಟೇ. ನಾನು ಕೂತು ಎಣಿಸಿದೆ, ಲೆಕ್ಕ ಸರಿಯಾಗಿದೆ.

ಆದರೆ ನನ್ನ ಕೇಳಿದರೆ ಅವನಿಗೆ ಸರಿಯಾದ ಜೊತೆ ಅಕಿಓ ಸುಜುಕಿ. ಸುಜುಕಿ 1941ರಲ್ಲಿ ಹುಟ್ಟಿದವನು. 1963ರಲ್ಲಿ ನಗೋಯಾ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ಒಂದು ಬಕೆಟ್ ತುಂಬ ಸಾಮಾನನ್ನು ಕೆಳಗೆ ಸುರಿದು, ಅದು ಉರುಳೋ ಸದ್ದು ಕೇಳಿದ. ಅವನ ಕಲಾಜೀವನ ಶುರುವಾದದ್ದೇ ಹಾಗೆ. 1970ರಲ್ಲಿ ಅನಲಪೋಸ್ ಅನ್ನೋ ವಾದ್ಯ ಮಾಡಿದ. ಎರಡು ಲೋಹದ ಡಬ್ಬಿ, ನಡುವೆ ಉದ್ದನೆಯ ಸ್ಪ್ರಿಂಗು. ನಾವು ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಆಟ ಆಡುತ್ತಿದ್ದೆವಲ್ಲ, ಹಾಗೆ. ಆದರೆ ಇದರಲ್ಲಿ ಒಂದು ಮಾತು ಆಡಿದರೆ ಗುಹೆಯೊಳಗೆ ಕೂಗಿದಂತೆ ಮಾರ್ದನಿಸುತ್ತದೆ. 1988ರಲ್ಲಿ ಕ್ಯೋಟೋ ಪ್ರಾಂತ್ಯದ ಅಮಿನೊ ಹತ್ತಿರ ಬೆಟ್ಟದ ಮೇಲೆ ಎದುರುಬದುರಾಗಿ ಎರಡು ಗೋಡೆ ಕಟ್ಟಿ, ನಡುವೆ ಇಡೀ ದಿನ ಕೂತು ಸುತ್ತಲಿನ ಸದ್ದು ಕೇಳಿದ. ಅವನು ಯಾವುದನ್ನೂ ಕೂಡಿಡೋ ಗೋಜಿಗೇ ಹೋಗುವವನಲ್ಲ, ಕೇಳಿ ಬಿಟ್ಟುಬಿಡುತ್ತಾನೆ. ಓಂಡಾ ಮೊದಲು ಕೂಡಿಟ್ಟು, ಆಮೇಲೆ ಕೈಬಿಡುತ್ತಾನೆ. 2014ರ ಅವರಿಬ್ಬರ ಆಲ್ಬಂ ‘ಮಾ ತಾ ತಾ ಬಿ’ಯಲ್ಲಿ ಯಾರಿಗೂ ಅವಸರವಿಲ್ಲ. ಒಬ್ಬ ಏನನ್ನೋ ತಟ್ಟುತ್ತಾನೆ, ಇನ್ನೊಬ್ಬ ಕಾಯುತ್ತಾನೆ.

ನನಗೆ ಕಸಿವಿಸಿ ಆಗೋದು ಒಂದೇ ವಿಷಯಕ್ಕೆ. ಆ ಟೇಪುಗಳಲ್ಲಿ ಬೀದಿಯಲ್ಲಿ ಹೋಗಿಬರೋ ಜನರ ದನಿಯೂ ಇದೆ. ಸದ್ದು ಹಿಡಿಯುತ್ತಾ ಊರೂರು ತಿರುಗೋ ಯಾವ ಕಲಾವಿದನೂ ಸಿಕ್ಕ ಸಿಕ್ಕವರನ್ನೆಲ್ಲ ಕೇಳಿ ಕೇಳಿ ರೆಕಾರ್ಡ್ ಮಾಡೋಕೆ ಆಗಲ್ಲ, ಒಪ್ಪುತ್ತೇನೆ. ಹೆಸರಿಲ್ಲ, ಊರಿಲ್ಲ, ಯಾರು ಅಂತ ಗೊತ್ತಾಗಲ್ಲ ಅನ್ನೋ ಸಮಾಧಾನ ಇದೆ. ಆದರೂ ಅವನ ಮರೆವು ಅವನು ಆರಿಸಿಕೊಂಡದ್ದು, ಆ ಜನರನ್ನು ಯಾರೂ ಕೇಳಲಿಲ್ಲ. ಕಾಮೆಂಟಲ್ಲಿ ಈ ಬಗ್ಗೆ ಯಾರಾದರೂ ಜಗಳ ಆಡಿದರೆ ನನಗೆ ಖುಷಿ.

ಈಗ ದೆವ್ವದ ವಿಷಯ. ಓಂಡಾ 2010ರಲ್ಲಿ ದಕ್ಷಿಣ ಕೊರಿಯಾಕ್ಕೆ ಹೋಗಿದ್ದ, ನಾಮ್ ಜೂನ್ ಪೈಕ್ ಹೆಸರಿನ ಕಲಾಕೇಂದ್ರದಲ್ಲಿ ಕಾರ್ಯಕ್ರಮ ಇತ್ತು. ವಿಡಿಯೋ ಕಲೆಯ ಪಿತಾಮಹ ಅನ್ನಿಸಿಕೊಂಡ ಪೈಕ್ 2006ರಲ್ಲೇ ತೀರಿಕೊಂಡಿದ್ದ. ಸೋಲ್‌ನ ಹೋಟೆಲ್ ರೂಮಿನಲ್ಲಿ ರೇಡಿಯೋ ತಿರುಗಿಸುವಾಗ ವಿಚಿತ್ರ ಸದ್ದುಗಳು ಬಂದವು, ಅದು ಪೈಕ್ ತನ್ನ ಜೊತೆ ಆಡಿದ ಮಾತು ಅಂತ ಓಂಡಾ ತಿಳಿದ. ಆಮೇಲೆ ಬೇರೆ ಊರುಗಳಲ್ಲೂ ರೇಡಿಯೋದಲ್ಲಿ ಅಂಥದ್ದೇ ಸಿಕ್ಕವು. 2020ರಲ್ಲಿ ಆ ರೆಕಾರ್ಡಿಂಗುಗಳೇ ಆಲ್ಬಂ ಆದವು, ಹೆಸರು ‘ನಾಮ್ ಜೂನ್ಸ್ ಸ್ಪಿರಿಟ್ ವಾಸ್ ಸ್ಪೀಕಿಂಗ್ ಟು ಮಿ’. ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಆದರೆ ಇದರಲ್ಲಿ ನಂಬಿಕೆಗಿಂತ ಹೆಚ್ಚಾಗಿ ಕಿವಿಯ ಕೆಲಸ ಇದೆ. ಬೇರೆಯವರಾಗಿದ್ದರೆ ಸ್ಟೇಷನ್ ಸಿಕ್ತಿಲ್ಲ ಅಂತ ಮುಂದೆ ತಿರುಗಿಸುತ್ತಿದ್ದರು. ಇವನು ಅಲ್ಲೇ ನಿಲ್ಲಿಸಿ ರೆಕಾರ್ಡ್ ಒತ್ತಿದ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳುವವರಿಗೆ: ‘ಬಾನ್ ವೊಯಾಜ್’ನಿಂದ. ಐದು ನಿಮಿಷಕ್ಕೆ ತಲೆನೋವು ಬಂದರೆ ಬಿಟ್ಟುಬಿಡಿ, ಬಲವಂತವಿಲ್ಲ. ಪೈಕ್ ರೇಡಿಯೋ ಆಲ್ಬಂ ಮಾತ್ರ ಮೊದಲೇ ಹಚ್ಚಬೇಡಿ, ಮನೆಯವರು ರೇಡಿಯೋ ಕೆಟ್ಟಿದೆ ಅಂತ ರಿಪೇರಿಯವನಿಗೆ ಫೋನ್ ಮಾಡಿಬಿಡುತ್ತಾರೆ. ಸುಜುಕಿ ಜೊತೆಗಿನದ್ದನ್ನು ಬಿಡುವಾಗಿರೋ ಭಾನುವಾರ ಮಧ್ಯಾಹ್ನ, ಊಟ ಆದಮೇಲೆ ಕೇಳಿ. ನಿದ್ದೆ ಬಂದರೂ ತಪ್ಪೇನಿಲ್ಲ.