ದೀಪ ದೊಡ್ಡದು ಮಾಡು ಪುಟ್ಟಿ

ಮೊನ್ನೆ ಸಂಜೆ ಮಳೆ ಜೋರಾಗಿ ಹೊಡೆಯುತ್ತಿತ್ತು. 6 ಗಂಟೆಗೇ ಕರೆಂಟ್ ಹೋಯಿತು. ನಮ್ಮ ಮೂಡಿಗೆರೆ ಕಡೆ ಮಳೆಗಾಲದಲ್ಲಿ ಇದೇನು ಹೊಸದಲ್ಲ, ಹಾಗಂತ ಟ್ಯೂಷನ್ ಬಿಡೋಕಾಗಲ್ಲ. ಚಾರ್ಜರ್ ಲೈಟೂ ಕೈಕೊಟ್ಟಿತು. ಅತ್ತೆ ಎಣ್ಣೆ ದೀಪ ಹಚ್ಚಿ ಜಗಲಿಗೆ ತಂದಿಟ್ಟರು. ಅದರ ಸುತ್ತ 8 ಮಕ್ಕಳು.

ಏಳೂವರೆ ಹೊತ್ತಿಗೆ ಕರೆಂಟ್ ಬಂತು. ಒಳಗಿನಿಂದ ಅತ್ತೆ, "ದೀಪ ದೊಡ್ಡದು ಮಾಡು ಪುಟ್ಟಿ" ಅಂದರು. ದೀಪದ ಪಕ್ಕ ಕೂತಿದ್ದ ಏಳನೇ ಕ್ಲಾಸಿನ ಹುಡುಗಿ ಕಡ್ಡಿಯಿಂದ ಬತ್ತಿಯನ್ನು ಮುಂದೆ ತಳ್ಳಿದಳು. ಉರಿ ಎದ್ದಿತು. ಅತ್ತೆ ಬಾಗಿಲಿಗೆ ಬಂದು ನೋಡಿ, "ಅಯ್ಯೋ, ದೊಡ್ಡದು ಮಾಡು ಅಂದ್ನಲ್ಲ ಮಗಾ" ಅಂದರು. ಹುಡುಗಿ ಗಾಬರಿಯಾಗಿ ಬತ್ತಿಯನ್ನು ಇನ್ನೂ ಸ್ವಲ್ಪ ತಳ್ಳಿದಳು. ಬೆರಳಿಗೆ ಎಣ್ಣೆ ಮೆತ್ತಿಕೊಂಡಿತು. ಅದನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದಳು.

"ದೀಪ ಆರಿಸು ಅಂತ ಅರ್ಥ ಕಣೇ" ಅಂದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತರು.

ಅದಕ್ಕೆ ಹತ್ತು ನಿಮಿಷ ಮುಂಚೆ ಒಂಬತ್ತನೇ ಕ್ಲಾಸಿನ ಹುಡುಗ ಒಂದು ಪ್ರಶ್ನೆ ಕೇಳಿದ್ದ. "ಮಿಸ್, ಪ್ರೆಟಿ ಅಂದ್ರೆ ಚೆಂದ. ಅಗ್ಲಿ ಅಂದ್ರೆ ಕುರೂಪ. ಹಂಗಾದ್ರೆ 'ಪ್ರೆಟಿ ಅಗ್ಲಿ' ಅಂದ್ರೆ ಏನು?" ಅವನಿಗೆ ಅದು ಸಿಕ್ಕಿದ್ದು ಅಣ್ಣನ ಮೊಬೈಲಿಗೆ ಬಂದ ಒಂದು ಫಾರ್ವರ್ಡ್‌ನಲ್ಲಿ. ಓಪನ್ ಸೀಕ್ರೆಟ್, ಒರಿಜಿನಲ್ ಕಾಪಿ, ಡೆಫನಿಂಗ್ ಸೈಲೆನ್ಸ್ ಅಂತ ಸುಮಾರು ಮಾತುಗಳು. ಕೊನೆಯಲ್ಲಿ ಇಂಗ್ಲಿಷ್ ಎಂಥ ಹುಚ್ಚು ಭಾಷೆ ನೋಡಿ ಅಂತ ಒಂದು ಸಾಲು, ನಗುವ ಮುಖ. ಹುಡುಗನಿಗೆ ನಗು ಬಂದಿರಲಿಲ್ಲ. "ಒಂದೊಂದೇ ಪದ ಬಾಯಿಪಾಠ ಮಾಡಿದ್ರೂ ಸೇರಿಸಿದ ತಕ್ಷಣ ಉಲ್ಟಾ ಆಗುತ್ತೆ. ನಮಗೆ ಯಾವತ್ತು ಮಿಸ್ ಬರೋದು ಇಂಗ್ಲಿಷ್?" ಅಂದ.

ಆ ಮಾತು ಕೇಳಿ ನನಗೆ ಬಹಳ ಬೇಜಾರಾಯಿತು. ಆ ಫಾರ್ವರ್ಡ್‌ಗಳ ಮೇಲೆ ನನ್ನ ತಕರಾರು ಇದೇ. ಇಂಗ್ಲಿಷ್ ಬರುವವರಿಗೆ ಅದು ಎರಡು ನಿಮಿಷದ ತಮಾಷೆ. ಕನ್ನಡ ಮೀಡಿಯಂನಲ್ಲಿ ಓದುವ ಮಗುವಿಗೆ ಅದು ಇನ್ನೊಂದು ಗೋಡೆ. ಆ ಮಾತುಗಳಲ್ಲಿ ಹುಚ್ಚೇನೂ ಇಲ್ಲ, ಒಂದೊಂದಕ್ಕೂ ಕಾರಣ ಇದೆ. ಅಂಥದ್ದೇ ಮಾತನ್ನು ನಮ್ಮ ಮನೆಯಲ್ಲೂ ದಿನಾ ಆಡುತ್ತೇವೆ. ಇದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಪ್ರೆಟಿ ಪದವನ್ನೇ ತೆಗೆದುಕೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕುಯುಕ್ತಿಯ, ಚಾಲಾಕಿ ಅನ್ನುವ ಅರ್ಥ ಇತ್ತು. ಆಮೇಲೆ ಜಾಣ, ಅಚ್ಚುಕಟ್ಟು ಅಂತಾಯಿತು, ಆಮೇಲೆ ಚೆಂದ ಅಂತಾಯಿತು. 16ನೇ ಶತಮಾನದ ಹೊತ್ತಿಗೆ ಅದೇ ಪದ 'ಸಾಕಷ್ಟು' ಅನ್ನುವ ಕೆಲಸಕ್ಕೂ ಬಂತು. ಹಾಗಾಗಿ 'ಪ್ರೆಟಿ ಅಗ್ಲಿ' ಅಂದರೆ ಸಾಕಷ್ಟು ಕುರೂಪ, ಅಷ್ಟೇ. ಆಫುಲ್ ಅನ್ನುವ ಪದವೂ ಹಾಗೇ. ಮೊದಲು ಅದು ಭಯಭಕ್ತಿ ಹುಟ್ಟಿಸುವಂಥದ್ದು, ಆಮೇಲೆ ಬರೀ ಕೆಟ್ಟದ್ದು. 'ಆಫುಲಿ ಗುಡ್' ಅಂದಾಗ ಮಾತ್ರ 'ತುಂಬಾ'.

ಇದನ್ನು ಹೇಳಿದಾಗ ಹುಡುಗ ಹುಬ್ಬು ಗಂಟಿಕ್ಕಿಕೊಂಡ. ಆಗ ಕೇಳಿದೆ, "ನಿನ್ನೆ ಬ್ಯಾಟಿಂಗ್ ಹೆಂಗಿತ್ತೋ?" "ಭಯಂಕರ ಚೆನ್ನಾಗಿತ್ತು ಮಿಸ್." "ಭಯ ಆಯ್ತಾ?" ಹುಡುಗನ ಮುಖ ಅರಳಿತು. ಒಂದರ ಹಿಂದೆ ಒಂದು ಎಲ್ಲರ ಬಾಯಿಂದ ಬರತೊಡಗಿದವು. ಇಡ್ಲಿ ಸಖತ್ ಮೆತ್ತಗಿದೆ ಅನ್ನುತ್ತೇವೆ. ಸಖ್ತ್ ಅಂದರೆ ಉರ್ದುವಿನಲ್ಲಿ ಗಟ್ಟಿ, ಬಿರುಸು. ಗಟ್ಟಿ ಅನ್ನುವ ಪದ ಹಾಕಿಯೇ ಮೆತ್ತಗಿನ ಇಡ್ಲಿಯನ್ನು ಹೊಗಳುತ್ತೇವೆ! ಒಬ್ಬಳ ಮನೆಯಲ್ಲಿ 'ದೊಡ್ಡ ಚಿಕ್ಕಪ್ಪ' ಇದ್ದಾರಂತೆ. ಇನ್ನೊಬ್ಬ ನಮ್ಮ ಜಿಲ್ಲೆಯ ಹೆಸರನ್ನೇ ಹಿಡಿದ. ಸಖರಾಯಪಟ್ಟಣದ ರುಕ್ಮಾಂಗದ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯವಳದ್ದು ಹಿರೇಮಗಳೂರು ಅಂತ ಕಥೆ ಇದೆಯಲ್ಲ. ಈಗ ಚಿಕ್ಕದೇ ದೊಡ್ಡ ಊರು, ಹಿರೇದು ಅದರ ಮಗ್ಗುಲಲ್ಲಿದೆ. ಊರು ಬೆಳೆಯಿತು, ಹೆಸರು ಅಲ್ಲೇ ಉಳಿಯಿತು. ಪ್ರೆಟಿ ಪದದ ಕಥೆಯೂ ಹೆಚ್ಚು ಕಡಿಮೆ ಇದೇ ಅಲ್ವಾ?

'ಒರಿಜಿನಲ್ ಕಾಪಿ' ನೋಡಿ ನಗುವವರಿಗೆ ಒಂದು ಮಾತು. ಕಾಪಿ ಅಂದರೆ ನಕಲು, ನಿಜ. ಪುಸ್ತಕದ್ದೋ ಪತ್ರದ್ದೋ ಒಂದು ಪ್ರತಿ ಅನ್ನುವ ಅರ್ಥವೂ ಅದಕ್ಕಿದೆ. ನಮ್ಮ 'ಮೂಲಪ್ರತಿ'ಯೂ ಹಾಗೇ ಆಗಿದ್ದು. ತಾಲ್ಲೂಕು ಆಫೀಸಿನ ಕಿಟಕಿಯಲ್ಲಿ ಮೂಲಪ್ರತಿ ತನ್ನಿ ಅಂದರೆ ಯಾರೂ ನಗುವುದಿಲ್ಲ, ಮನೆಗೆ ಹೋಗಿ ತರುತ್ತೇವೆ.

ಸೀರೆ ಅಂಗಡಿಯಲ್ಲಿ 'ಫಾಸ್ಟ್ ಕಲರ್' ಅನ್ನುತ್ತಾರೆ. ಫಾಸ್ಟ್ ಅಂದರೆ ವೇಗ ಅಂತಲೇ ಕಲಿತ ಮಗು ಬಣ್ಣ ಬೇಗ ಹೋಗುತ್ತೆ ಅಂದುಕೊಂಡರೆ ತಪ್ಪೇನು? ಆದರೆ ಆ ಪದದ ಹಳೆಯ ಅರ್ಥ ಭದ್ರ, ಅಲ್ಲಾಡದ್ದು. ಭದ್ರವಾಗಿ ಅನ್ನುವುದು ಬಿರುಸಾಗಿ ಆಯಿತು, ಬಿರುಸಾಗಿ ಓಡುವುದು ವೇಗವಾಗಿ ಓಡುವುದಾಯಿತು. ಬಟ್ಟೆಯ ಬಣ್ಣದಲ್ಲಿ ಹಳೆಯ ಅರ್ಥವೇ ಗಟ್ಟಿಯಾಗಿ ಕೂತಿದೆ. ಸ್ಯಾಂಕ್ಷನ್ ಕೂಡ ಇಂಥದ್ದೇ. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆದರೆ ಖುಷಿ, ಒಂದು ದೇಶ ಇನ್ನೊಂದರ ಮೇಲೆ ಸ್ಯಾಂಕ್ಷನ್ ಹಾಕಿದರೆ ದಿಗ್ಬಂಧನ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಡೆಫನಿಂಗ್ ಸೈಲೆನ್ಸ್'. ಈಗ ಇದನ್ನು ಪೇಪರಿನವರು ಕಿವಿಗಡಚಿಕ್ಕುವ ಮೌನ ಅಂತ ಬರೆಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಅದಕ್ಕಿಂತ ಒಳ್ಳೆಯದು ಇದೆ. ಕಾಫಿ ಕುಯ್ಲು ಮುಗಿದು ಕೆಲಸದವರು ಊರಿಗೆ ಹೋದ ಮೇಲೆ ತೋಟದ ಲೈನ್ ಮನೆಗಳ ಮುಂದೆ ಒಮ್ಮೆ ನಡೆದು ನೋಡಿ. ನಿನ್ನೆವರೆಗೂ ಮಕ್ಕಳ ಗಲಾಟೆ, ರೇಡಿಯೋ, ಒಗೆಯುವ ಸದ್ದು. ಇವತ್ತು ಹಗ್ಗದ ಮೇಲೆ ಒಂದು ಬಟ್ಟೆಯೂ ಇಲ್ಲ. ಆಗ ಏನನ್ನುತ್ತೇವೆ? ಬಿಕೋ ಅನ್ನುತ್ತಿದೆ ಅನ್ನುತ್ತೇವೆ. ಯಾರೂ ಇಲ್ಲದ ಜಾಗ ಏನೋ 'ಅನ್ನುತ್ತಿದೆ'! ಖಾಲಿತನಕ್ಕೆ ಒಂದು ಬಾಯಿ, ಆ ಬಾಯಿಗೆ ಒಂದು ಸದ್ದು. ರಾತ್ರಿಯಾದರೆ ಗವ್ವೆನ್ನುವ ಕತ್ತಲು. ಇದನ್ನು ಹೇಳಿದ ಮೇಲೆ ಡೆಫನಿಂಗ್ ಸೈಲೆನ್ಸ್‌ಗೆ ಅರ್ಥ ಕೊಡಬೇಕಾಗಲಿಲ್ಲ. ತೋಟದ ಮಕ್ಕಳು ಆ ಮೌನವನ್ನು ಕೇಳಿದವರು.

ಇಂಥ ಎದುರುಬದುರು ಮಾತಿಗೆ ಇಂಗ್ಲಿಷಿನಲ್ಲಿ ಆಕ್ಸಿಮೋರಾನ್ ಅನ್ನುತ್ತಾರೆ. ಗ್ರೀಕಿನಲ್ಲಿ ಆಕ್ಸಿಸ್ ಅಂದರೆ ಚೂಪು, ಮೋರೋಸ್ ಅಂದರೆ ಮೊಂಡು ಅಥವಾ ದಡ್ಡ. ಹೆಸರೇ ಎದುರುಬದುರು. ನಮ್ಮವರು ಇದಕ್ಕೆ ಹತ್ತಿರದ ಅಲಂಕಾರವನ್ನು ವಿರೋಧಾಭಾಸ ಅಂದರು. ವಿರೋಧ ಇರುವಂತೆ ಕಾಣುತ್ತೆ ಅಷ್ಟೇ, ಒಳಗೆ ಹೊಕ್ಕು ನೋಡಿದರೆ ಇಲ್ಲ. ಹೆಸರಿನಲ್ಲೇ ಎಷ್ಟು ಚೆನ್ನಾಗಿ ಹೇಳಿಬಿಟ್ಟಿದ್ದಾರೆ!

ಇನ್ನು ದೀಪದ ವಿಷಯ. ಆರಿಸು ಅನ್ನುವುದು ಅಶುಭ ಅಂತ ಅತ್ತೆಯ ಕಾಲದವರ ಬಾಯಲ್ಲಿ ಆ ಪದ ಬರುವುದೇ ಇಲ್ಲ. ಬಳೆ ಒಡೆದರೆ ಬಳೆ ಹೆಚ್ಚಿತು. ಹೊರಡುವವರು ಹೋಗ್ತೀನಿ ಅನ್ನುವಂತಿಲ್ಲ, ಬರ್ತೀನಿ ಅನ್ನಬೇಕು. ಇದು ಪ್ರೆಟಿ ಥರ ಪದದ ಅರ್ಥ ಕಾಲಕ್ಕೆ ಬದಲಾಗಿ ಹುಟ್ಟಿದ ವಿರೋಧ ಅಲ್ಲ. ಯಾರಿಗೂ ಕೆಟ್ಟದ್ದಾಗದಿರಲಿ ಅಂತ ಬೇಕಂತಲೇ ಉಲ್ಟಾ ಹೇಳುವುದು. ಇಂಥದ್ದನ್ನು ಡಿಕ್ಷನರಿ ಹಿಡಿದು ಹೇಗೆ ಕಲಿಯುವುದು? ಮನೆಯಲ್ಲಿ ದೀಪ ಹಚ್ಚುವುದೇ ಕಮ್ಮಿಯಾದಾಗ ಹುಡುಗಿಗೆ ಹೇಗೆ ಗೊತ್ತಾಗಬೇಕು? ಕನ್ನಡದ ಮಗುವಿಗೇ ಈ ಮಾತು ಹೇಳಿಕೊಡಬೇಕಾಯಿತು. ಅಂದಮೇಲೆ ಇಂಗ್ಲಿಷಿನದು ಗೊತ್ತಿಲ್ಲದಿದ್ದರೆ ನಾಚಿಕೆ ಯಾಕೆ? ಆ ಹುಡುಗನಿಗೆ ಇದನ್ನೇ ಹೇಳಿದೆ.

ಹೋದ ವರ್ಷ ಇದೇ ಹುಡುಗಿ ಶಾಲೆಯಿಂದ ಅಳುತ್ತಾ ಬಂದಿದ್ದಳು. ಕ್ಲಾಸಿನಿಂದ ನೀರಿಗೆ ಹೋಗುವಾಗ 'ಐ ವಿಲ್ ಗೋ ಅಂಡ್ ಕಮ್ ಮಿಸ್' ಅಂದಿದ್ದಳಂತೆ. ಹೋಗ್ತೀಯೋ ಬರ್ತೀಯೋ ಅಂತ ಕೇಳಿ ಎಲ್ಲರ ಮುಂದೆ ನಿಲ್ಲಿಸಿದರಂತೆ. ಆ ವಾಕ್ಯವನ್ನು ತಿದ್ದಲಿ, ಬೇಡ ಅನ್ನುವುದಿಲ್ಲ. ಇಂಗ್ಲಿಷಿನವರು ಹಾಗೆ ಹೇಳುವುದಿಲ್ಲ, 'ಐ ವಿಲ್ ಬಿ ಬ್ಯಾಕ್' ಅನ್ನು ಪುಟ್ಟಿ ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಮಾತಿನ ಹಿಂದೆ ಅವಳ ಅಜ್ಜಿ ಇದ್ದಾಳೆ. ನನ್ನ ಟ್ಯೂಷನ್‌ನಲ್ಲಿ ತಮಿಳು ಮನೆಯ ಮಗು ಒಂದಿದೆ, ಅದು ಹೊರಡುವಾಗ ಪೋಯಿಟ್ಟು ವರೇನ್ ಅನ್ನುತ್ತೆ. ತುಳು ಮನೆಯದು ಪೋದು ಬರ್ಪೆ ಅನ್ನುತ್ತೆ. ಮೂರೂ ಒಂದೇ ಮಾತು, ಹೋಗಿ ಬರುತ್ತೇನೆ. ಇದನ್ನು ನಗುವ ವಿಷಯ ಮಾಡಿದರೆ ಮಗು ಇಂಗ್ಲಿಷನ್ನೂ ಕಲಿಯಲ್ಲ, ಮನೆಯ ಮಾತನ್ನೂ ಬಿಟ್ಟುಬಿಡುತ್ತೆ.

ಅದಕ್ಕೆ ಈ ವಾರದಿಂದ ನಾನು ಇಂಗ್ಲಿಷನ್ನು ಈ ಕಡೆಯಿಂದ ಶುರು ಮಾಡಿದ್ದೇನೆ. ನೋಟ್‌ಬುಕ್ಕಿನ ಎಡಗಡೆ ಇಂಗ್ಲಿಷಿನ ಒಂದು ಎದುರುಬದುರು ಮಾತು, ಬಲಗಡೆ ಮನೆಯ ಹಿರಿಯರನ್ನು ಕೇಳಿ ತಂದ ಮಾತು. ದೀಪದ ಹುಡುಗಿಯದೇ ಮೊದಲ ಸಾಲು. ಓಪನ್ ಸೀಕ್ರೆಟ್‌ಗೆ ಒಬ್ಬ 'ಊರಿಗೆಲ್ಲಾ ಗೊತ್ತಿರೋ ಗುಟ್ಟು' ಅಂತ ಬರೆದುಕೊಂಡು ಬಂದ. ಅವನ ಅಜ್ಜ ಹೇಳಿದ್ದಂತೆ.

ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಇಂಥ ಮಾತು ಇದ್ದರೆ ದಯವಿಟ್ಟು ಬರೆಯಿರಿ. ಸಕಲೇಶಪುರ, ಬೇಲೂರು, ಕೊಪ್ಪ, ಕಡೂರು, ಯಾವ ಕಡೆಯದಾದರೂ ಸರಿ, ಯಾರ ಬಾಯಲ್ಲಿ ಕೇಳಿದ್ದು ಅನ್ನುವುದನ್ನೂ ಸೇರಿಸಿ. ಗುರುವಾರ ಸಂಜೆ ಮಕ್ಕಳಿಗೆ ಓದಿ ಹೇಳುತ್ತೇನೆ.