ಉದುರುವ ಹಲ್ಲಿಗೆ ಗಾಬರಿ, ನಾರುವ ಬಾಯಿಗೆ ಉದಾಸೀನ

ಬೆಕ್ಕು ಸಾಕಿದವರು ಅಂತ ಒಮ್ಮೆ ಹೆಸರಾದರೆ ಮುಗೀತು, ಪರಿಚಯದವರೆಲ್ಲ ತಮ್ಮ ಮರಿಗಳ ಫೋಟೊ ಕಳಿಸಿ ಸಲಹೆ ಕೇಳೋಕೆ ಶುರುಮಾಡ್ತಾರೆ. ನನಗೆ ಅತಿ ಹೆಚ್ಚು ಬರುವ ಫೋಟೊ ಯಾವುದು ಗೊತ್ತಾ? ಅಂಗೈ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಬಿಳಿ ಚೂರು. ಕೆಳಗೆ ಗಾಬರಿಯ ಸಾಲು: "ಮರಿ ಹಲ್ಲು ಬಿದ್ದೋಯ್ತು, ಎಲ್ಲಾದ್ರೂ ಪೆಟ್ಟು ಮಾಡ್ಕೊಂಡಿದೆಯಾ?"

ಏನೂ ಆಗಿಲ್ಲ ಮಾರಾಯ್ರೆ. ಮರಿಗೆ ನಾಲ್ಕು ತಿಂಗಳಾಗಿದೆ, ಅಷ್ಟೆ.

ಇದೇ ಜನರ ಮನೆಯ ಐದು ವರ್ಷದ ಬೆಕ್ಕು ಹತ್ತಿರ ಬಂದರೆ ಬಾಯಿ ಗಬ್ಬು ನಾರುತ್ತಿರುತ್ತದೆ. ಅದಕ್ಕೆ ಮಾತ್ರ ಯಾರೂ ಮೆಸೇಜು ಮಾಡಲ್ಲ. "ಬೆಕ್ಕಿನ ಬಾಯಿ ಇನ್ನೇನು ಘಮಘಮ ಅನ್ನುತ್ತಾ?" ಅಂತ ನಗಾಡ್ತಾರೆ. ನನ್ನ ತಕರಾರೇ ಇದು. ತಾನಾಗಿ ಸರಿಹೋಗುವುದಕ್ಕೆ ನಿದ್ದೆಗೆಡ್ತೀವಿ, ತಾನಾಗಿ ಎಂದೂ ಸರಿಹೋಗದ್ದನ್ನು ಮಾಮೂಲು ಅಂದ್ಕೊಂಡು ಬಿಟ್ಟುಬಿಡ್ತೀವಿ.

ಮೊದಲು ಹಾಲುಹಲ್ಲಿನ ಕಥೆ. ಬೆಕ್ಕಿನ ಮರಿ ಹುಟ್ಟುವಾಗ ಬೊಚ್ಚುಬಾಯಿ. ಎರಡು-ಮೂರು ವಾರಕ್ಕೆ ಮುಂದಿನ ಪುಟ್ಟ ಬಾಚಿಹಲ್ಲುಗಳು ಮೂಡುತ್ತವೆ, ಆಮೇಲೆ ಕೋರೆ, ಆಮೇಲೆ ಕೆನ್ನೆಯ ಕಡೆಯವು. ಎರಡು ತಿಂಗಳೊಳಗೆ ಒಟ್ಟು 26 ಹಾಲುಹಲ್ಲು ಬಂದಾಗಿರುತ್ತವೆ, ಒಂದೊಂದೂ ಸೂಜಿಮೊನೆ. ಮೂರೂವರೆ-ನಾಲ್ಕು ತಿಂಗಳಿಗೆ ಅವು ಬಂದ ಕ್ರಮದಲ್ಲೇ ಹೊರಡಲು ಶುರುಮಾಡುತ್ತವೆ. ಒಳಗಿನಿಂದ ಹೊಸ ಹಲ್ಲು ಮೇಲೇಳುವಾಗ ಹಳೆಯದರ ಬೇರನ್ನು ದೇಹವೇ ಕರಗಿಸಿಬಿಡುತ್ತದೆ. ಹಾಗಾಗಿ ಕೈಗೆ ಸಿಗುವ ಹಲ್ಲಿಗೆ ಸಾಮಾನ್ಯವಾಗಿ ಬೇರೇ ಇರುವುದಿಲ್ಲ. "ಹಲ್ಲು ಮುರಿದಿದೆ" ಅಂತ ಜನ ಹೆದರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಆರೇಳು ತಿಂಗಳಿಗೆ 30 ಶಾಶ್ವತ ಹಲ್ಲು ತುಂಬಿಕೊಳ್ಳುತ್ತವೆ. ಹೆಚ್ಚಾದ ನಾಲ್ಕು, ಹಾಲುಹಲ್ಲಿನ ಸೆಟ್‌ನಲ್ಲಿ ಇಲ್ಲವೇ ಇಲ್ಲದ ಹಿಂದವಡೆ ಹಲ್ಲುಗಳು. ಎಲ್ಲೋ ಸಿಕ್ಕ ಅನಾಥ ಮರಿಯ ವಯಸ್ಸನ್ನು ಡಾಕ್ಟರು ಬಾಯಿ ನೋಡಿಯೇ ಅಂದಾಜು ಮಾಡುವುದು ಈ ಲೆಕ್ಕದಿಂದ.

ಬಿದ್ದ ಹಲ್ಲು ಸಿಗದೇ ಇರುವುದೇ ಹೆಚ್ಚು. ಊಟದ ಜೊತೆ ನುಂಗಿಬಿಟ್ಟಿರುತ್ತದೆ, ಅದರಿಂದ ಯಾವ ತೊಂದರೆಯೂ ಇಲ್ಲ. ಒಂದೆರಡು ಹನಿ ರಕ್ತ, ಒಸಡು ಸ್ವಲ್ಪ ಕೆಂಪು, ತುಸು ಜೊಲ್ಲು, ಸಿಕ್ಕಿದ್ದನ್ನೆಲ್ಲ ಕಚ್ಚುವ ಚಟ, ಎಲ್ಲವೂ ಆ ಕಾಲದ ಲಕ್ಷಣವೇ. ಮೆತ್ತನೆಯ ಊಟ ಕೊಡಿ, ಕಚ್ಚೋಕೆ ಆಟಿಕೆ ಕೊಡಿ. ನಿಮ್ಮ ಕೈಬೆರಳನ್ನು ಮಾತ್ರ ಕೊಡಬೇಡಿ, ದೊಡ್ಡದಾದ ಮೇಲೂ ಅದು ಬೆರಳನ್ನೇ ಹುಡುಕಿಕೊಂಡು ಬರುತ್ತದೆ. ಊಟ ಪೂರ್ತಿ ಬಿಟ್ಟರೆ ಅದು ಹಲ್ಲಿನ ವಿಷಯ ಅಂದ್ಕೊಂಡು ಕಾಯುತ್ತಾ ಕೂರಬೇಡಿ, ತೋರಿಸಿ.

ಇಲ್ಲೊಂದು ಎಚ್ಚರಿಕೆ, ಇದನ್ನು ಮಾತ್ರ ದಪ್ಪಕ್ಷರದಲ್ಲಿ ಓದ್ಕೊಳ್ಳಿ. ಮರಿಗೆ ಹಲ್ಲುನೋವು ಅಂತ ನಮ್ಮ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿನ ಪಿತ್ತಜನಕಾಂಗ ಅದನ್ನು ಅರಗಿಸಿ ಹೊರಹಾಕಲಾರದು. ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯೇ ಕೆಡುತ್ತದೆ, ಒಂದೇ ಒಂದು ಮಾತ್ರೆ ಪ್ರಾಣ ತೆಗೆಯಬಲ್ಲದು. ಲವಂಗದ ಎಣ್ಣೆಯೂ ಬೇಡ, ಅದೂ ಬೆಕ್ಕಿಗೆ ವಿಷ. ಅಜ್ಜಿ ಮದ್ದು ಅಜ್ಜಿಯ ಮೊಮ್ಮಕ್ಕಳಿಗಿರಲಿ.

ಈ ಹಂತದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಬಿದ್ದ ಹಲ್ಲನ್ನಲ್ಲ, ಬೀಳದ ಹಲ್ಲನ್ನು. ಹೊಸ ಕೋರೆ ಬಂದ ಮೇಲೂ ಹಳೆಯ ಕೋರೆ ಪಕ್ಕದಲ್ಲೇ ಬೇರೂರಿ ನಿಂತಿದ್ದರೆ ಎರಡರ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ, ಒಸಡು ಕೆಡುತ್ತದೆ, ಹೊಸ ಹಲ್ಲು ಸೊಟ್ಟಗಾಗುತ್ತದೆ. ಅದನ್ನು ಕೀಳಿಸಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಬೀಳುವುದರಿಂದ ಒಂದೇ ಅರಿವಳಿಕೆಯಲ್ಲಿ ಎರಡೂ ಕೆಲಸ ಆಗಬಹುದು. ಆದರೆ ಆ ದಿನಕ್ಕೆ ಮೊದಲೇ ಯಾರಾದರೂ ಬಾಯಿ ತೆರೆದು ನೋಡಿರಬೇಕಲ್ಲ!

ಇನ್ನು ಆ ನಾರುವ ಬಾಯಿಯ ವಿಷಯ. ನಮ್ಮಂತೆ ಸಿಹಿ ತಿಂದು ಹುಳುಕಾಗುವ ಹಲ್ಲಲ್ಲ ಬೆಕ್ಕಿನದ್ದು. ಅದರ ನಾಲಿಗೆಗೆ ಸಿಹಿಯೇ ಗೊತ್ತಾಗಲ್ಲ, ಅದಕ್ಕೆ ಬೇಕಾದ ಜೀನ್ ಕೆಲಸ ಮಾಡುತ್ತಿಲ್ಲ ಅಂತ 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಬೆಕ್ಕಿನ ಹಲ್ಲು ಹಾಳಾಗುವ ದಾರಿಯೇ ಬೇರೆ. ಹಲ್ಲಿನ ಮೇಲಿನ ಲೋಳೆಪದರ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಹಳದಿ ಪಾಚಿಯಾಗುತ್ತದೆ, ಒಸಡು ಊದಿಕೊಳ್ಳುತ್ತದೆ, ಒಳಗೆ ಮೂಳೆ ಸವೆಯುತ್ತದೆ. ನಾಲ್ಕು ವರ್ಷ ದಾಟಿದ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಯಾವುದಾದರೊಂದು ಹಲ್ಲಿನ ಕಾಯಿಲೆ ಇರುತ್ತದೆ ಅಂತ ಪಶುವೈದ್ಯರು ಹೇಳುತ್ತಾರೆ.

ಇನ್ನೊಂದು ಕಾಯಿಲೆ ಇದಕ್ಕಿಂತ ಕ್ರೂರ. ದೇಹವೇ ತನ್ನ ಶಾಶ್ವತ ಹಲ್ಲನ್ನು ಕರಗಿಸತೊಡಗುತ್ತದೆ. ಮರಿಯಲ್ಲಿ ಹಾಲುಹಲ್ಲಿನ ಬೇರು ಕರಗಿಸಿದ ಆ ಬಗೆಯ ಜೀವಕೋಶಗಳೇ ಇಲ್ಲೂ ಕೆಲಸಕ್ಕಿಳಿಯುತ್ತವೆ, ಯಾರೂ ಕರೆಯದೆ. ಯಾಕೆ ಹೀಗಾಗುತ್ತದೆ ಅಂತ ವೈದ್ಯಲೋಕಕ್ಕೆ ಇನ್ನೂ ಖಚಿತವಾಗಿ ಗೊತ್ತಾಗಿಲ್ಲ. ಕೆಳದವಡೆಯ ಕೆನ್ನೆಭಾಗದ ಮೊದಲ ಹಲ್ಲಿಗೇ ಇದು ಹೆಚ್ಚಾಗಿ ಬರುವುದು. ಹೊರಗಿನಿಂದ ಒಸಡಿನಂಚಲ್ಲಿ ಒಂದು ಕೆಂಪು ಚುಕ್ಕೆ ಕಂಡರೆ ಕಂಡೀತು, ಒಳಗೆ ಎಷ್ಟು ಹೋಗಿದೆ ಅನ್ನುವುದು ಎಕ್ಸ್‌ರೇಯಲ್ಲೇ ಗೊತ್ತಾಗಬೇಕು. ನೋವು ಮಾತ್ರ ವಿಪರೀತ. ಆದರೂ ಬೆಕ್ಕು ಊಟ ಬಿಡಲ್ಲ! ಒಂದೇ ಕಡೆ ಅಗಿಯುತ್ತದೆ, ಬಾಯಿಂದ ಕಾಳು ಉದುರಿಸುತ್ತದೆ, ಮೈ ನೆಕ್ಕಿಕೊಳ್ಳುವುದು ಕಮ್ಮಿಯಾಗಿ ಕೂದಲು ಗಂಟುಗಂಟಾಗುತ್ತದೆ. "ವಯಸ್ಸಾಯ್ತಲ್ಲ, ಮೊದಲಿನ ಹುರುಪಿಲ್ಲ" ಅಂತೀವಿ ನಾವು. ವಯಸ್ಸಿನ ಮೇಲೆ ಹಾಕಿದಷ್ಟು ಸುಳ್ಳು ಆರೋಪ ಇನ್ಯಾವುದರ ಮೇಲೂ ಹಾಕಿಲ್ಲ ಅನಿಸುತ್ತೆ ನನಗೆ.

"ಬೆಕ್ಕಿಗೆ ಹಲ್ಲುಜ್ಜೋದಾ? ತಲೆ ಕೆಟ್ಟಿದೆಯಾ?" ಅಂತ ಕೇಳುವವರಿಗೆ: ಹೌದು, ಉಜ್ಜಬಹುದು. ದೊಡ್ಡ ಬೆಕ್ಕಿಗೆ ಏಕಾಏಕಿ ಬ್ರಷ್ ಹಿಡಿದರೆ ಪರಚಿಸಿಕೊಳ್ಳುತ್ತೀರಿ, ನಿಜ. ಅದಕ್ಕೇ ಮರಿ ಇದ್ದಾಗ ತುಟಿ ಎತ್ತಿ ನೋಡುವ ಅಭ್ಯಾಸ ಮಾಡಿಸಿ ಅನ್ನುವುದು. ಒಸಡು ನೋಯುತ್ತಿರುವ ಆ ಎರಡು-ಮೂರು ತಿಂಗಳು ಬ್ರಷ್ ಬೇಡ, ಬರೀ ಬೆರಳಿಂದ ಕೆನ್ನೆ ಸವರಿ, ಒಂದು ಕ್ಷಣ ತುಟಿ ಎತ್ತಿ, ಬಿಟ್ಟು ಮುದ್ದು ಮಾಡಿ. ಹೊಸ ಹಲ್ಲೆಲ್ಲ ಬಂದ ಮೇಲೆ ಪುಟ್ಟ ಬ್ರಷ್ಷು, ಬೆಕ್ಕಿಗೆಂದೇ ಮಾಡಿದ ಪೇಸ್ಟು. ನಮ್ಮ ಪೇಸ್ಟ್ ಬೇಡ, ಬೆಕ್ಕಿಗೆ ಉಗುಳೋಕೆ ಬರಲ್ಲ, ಫ್ಲೋರೈಡು-ನೊರೆ ಎಲ್ಲ ಹೊಟ್ಟೆಗೇ ಹೋಗುತ್ತದೆ. ಹಲ್ಲಿನ ಹೊರಮೈ ಉಜ್ಜಿದರೆ ಸಾಕು, ಒಳಮೈಯನ್ನು ಆ ಒರಟು ನಾಲಿಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ.

ಅರಿವಳಿಕೆ ಇಲ್ಲದೆ ಹಲ್ಲು ಕೆರೆದು ಬಿಳಿ ಮಾಡಿಕೊಡ್ತೀವಿ ಅನ್ನುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಕಾಯಿಲೆ ಇರುವುದು ಒಸಡಿನ ಕೆಳಗೆ. ಎಚ್ಚರವಿರುವ ಬೆಕ್ಕು ಅಲ್ಲಿಗೆ ಉಪಕರಣ ಹಾಕಲು ಬಿಡುತ್ತದೆಯೇ? ಕಾಣುವ ಭಾಗ ಹೊಳೆಯುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ.

ಕೊನೆಗೆ, ಡಾಕ್ಟರು "ಹಲ್ಲು ಕೀಳಬೇಕು" ಅಂದಾಗ ಹೆಚ್ಚಿನವರು ಹಿಂಜರಿಯುವುದು ಒಂದೇ ಪ್ರಶ್ನೆಗೆ: ಆಮೇಲೆ ತಿನ್ನೋದು ಹೇಗೆ? ಬೆಕ್ಕಿನ ಹಲ್ಲು ಇರುವುದು ಹಿಡಿಯೋಕೆ, ಕತ್ತರಿಸೋಕೆ. ನಮ್ಮ ಹಾಗೆ ಅರೆದು ತಿನ್ನುವ ಅಭ್ಯಾಸ ಅದಕ್ಕಿಲ್ಲ. ಬಾಯಿತುಂಬ ಹುಣ್ಣಾಗಿ ಎಲ್ಲ ಹಲ್ಲೂ ತೆಗೆಸಿಕೊಂಡ ಬೆಕ್ಕುಗಳು ಗಾಯ ಮಾಗಿದ ಮೇಲೆ ಮೆತ್ತನೆಯ ಊಟವನ್ನಷ್ಟೇ ಅಲ್ಲ, ಒಣ ಕಾಳನ್ನೂ ನುಂಗಿ ಆರಾಮಾಗಿರುತ್ತವೆ. ಎಷ್ಟೋ ಬೆಕ್ಕುಗಳ ತೂಕ ಹೆಚ್ಚುವುದೇ ಹಲ್ಲು ಹೋದ ಮೇಲೆ.